ಮಚ್ಚಿನ ಮಾರನ ಹೊಸ ವೇಷ

೧೪-೩-೧೯೮೨, ಭಾನುವಾರ

ನಮ್ಮೂರ ಭಯಾನಕ ನಾಟಕ ‘ಮಚ್ಚಿನ ಮಾರ’ ಹತ್ತು ವರ್ಷದ ಮೇಲೆ ಹೊಸ ಹುಡುಗರ ಕೈಲಿ ಮತ್ತೆ ಶುರು. ಹಿಂದಿನ ಮೂರು ಭಾಗದಲ್ಲೂ ಕೊಲೆಗಾರ ಮಾರ ನಾನೇ. ನನ್ನ ಆರ್ಭಟಕ್ಕೆ ಪಕ್ಕದೂರು ತೋವಿನಕೆರೆಯ ನಾಯಿಗಳೂ ಬೊಗಳುತ್ತಿದ್ದವು! ಈಗ ಆ ಪಾತ್ರ ಅಕ್ಕನ ಮಗ ಓಬಳಪ್ಪನಿಗೆ. ನನಗೆ ಹೆಣದ ಪಾತ್ರ. ಈ ಪೀಚಲ ಯಾರನ್ನು ಹೆದರಿಸುತ್ತಾನೆ ಅಂತ ಇವತ್ತು ತಾಲೀಮಿನಲ್ಲಿ ನಗುತ್ತಲೇ ಮಲಗಿದೆ.

ಅವನು ಕೂಗಲೇ ಇಲ್ಲ. ನನ್ನ ತಲೆ ಹತ್ತಿರ ಕೂತು, ಮರದ ಮಚ್ಚನ್ನೇ ಕಲ್ಲಿಗೆ ಮಸೆಯುತ್ತಾ, ಮಗುವಿಗೆ ಹೇಳುವಂಗೆ “ಮಲಕ್ಕೋ, ಮಲಕ್ಕೋ” ಅಂದ. ಎದ್ದು ಓಡಿಬುಟ್ಟೆ!

“ಹೆಣ ಓಡ್ತೈತೆ, ಹಿಡ್ಕಳ್ರಪ್ಪೋ!” ಅಂತ ತಾಲೀಮು ನೋಡೋಕೆ ಬಂದಿದ್ದ ನನ್ನಾಕೆ ಬಿದ್ದು ಬಿದ್ದು ನಕ್ಕಳು.

ಓಬಳಪ್ಪ ಹಿಂದೆಯೇ ಬಂದು, “ತಪ್ಪಾಯ್ತಾ ಮಾವ? ನಿನ್ನಂಗೆ ಕೂಗ್ಲಾ?” ಅಂದ.

“ಬ್ಯಾಡ ಕಣ್ಲಾ, ಇಂಗೇ ಮಾಡು.”

ಅವನಿಗೆ ಇದನ್ನು ಹೇಳಿಕೊಟ್ಟಿದ್ದು ನಾನೇ ಅಂತ ಊರಿಗೆಲ್ಲ ಸಾರಿ ಬಂದಿದ್ದೀನಿ. ಈಗ ದೀಪ ಆರಿಸೋಕೆ ಮಾತ್ರ ಧೈರ್ಯ ಬರ್ತಿಲ್ಲ.