ನನ್ನ ಹೆಸರಿನ ಸಾಂಬಾ

2008 ಆಗಸ್ಟ್ 3, ಭಾನುವಾರ

ಸ್ನಾನ. ಎರಡು ಇಡ್ಲಿ. ಒಗೆದ ಅಂಗಿ ತಂತಿಗೆ ಹಾಕಿ ಅರ್ಧ ಗಂಟೆ ಆಗಿಲ್ಲ, ಕೆಂಪು ಧೂಳು. ಹೊಸಪೇಟೆಯಲ್ಲಿ ಈಗ ಜನಕ್ಕಿಂತ ಅದಿರು ಲಾರಿ ಹೆಚ್ಚು.

ಹತ್ತಕ್ಕೆ ಎಡ್ಮಿಲ್ಸನ್ ಬಂದ. ಇದು ಐದನೇ ಭಾನುವಾರ. ಬ್ರೆಜಿಲಿನವನು, ಸಂಡೂರಿನ ನಮ್ಮ ಪ್ಲಾಂಟಿಗೆ ಅದಿರು ಜಾಲಿಸುವ ಹೊಸ ಮಿಷಿನ್ ಕೂಡಿಸಲು ಬಂದಿದ್ದಾನೆ. ಎಲೆಕ್ಟ್ರಿಷಿಯನ್ ಅಂತ ನನ್ನನ್ನು ಅವನ ಜೊತೆ ಹಾಕಿದರು. ಊಟದ ಬಿಡುವಿನಲ್ಲಿ ಟೂಲ್ ಬಾಕ್ಸ್ ಬಡಿಯುತ್ತಿದ್ದ. ನಾನೂ ಬಡಿದೆ. ಅಲ್ಲಿಂದ ಶುರು.

ಅವನದು ಪಂದೇರೊ — ದಮ್ಮಡಿ ಥರ, ಅಂಚಿಗೆ ತಗಡಿನ ಬಿಲ್ಲೆ. ನನ್ನದು ರಿದಮ್ ಪ್ಯಾಡು, ಕಂಪ್ಯೂಟರು. ಅವನ ದೇಶದ ಕುಣಿತದ ತಾಳ ಸಾಂಬಾಕ್ಕೆ ನನ್ನ ಎಲೆಕ್ಟ್ರಾನಿಕ್ ಬೀಟ್ ಸೇರಿಸಬೇಕು. ಸೇರುತ್ತಿಲ್ಲ. ಕಂಪ್ಯೂಟರ್ ಗಡಿಯಾರದ ಹಾಗೆ. ಅವನ ಪೆಟ್ಟು ಕೂದಲೆಳೆಯಷ್ಟು ಹಿಂದೆ, ಒಮ್ಮೊಮ್ಮೆ ಮುಂದೆ.

ಇನ್ನೊಂದು. ಅವನ ಮುಂದೆ ನನ್ನ ಉಗ್ಗು ಗೊತ್ತಾಗುವುದಿಲ್ಲ. ಇಬ್ಬರದೂ ಹರಕು ಇಂಗ್ಲಿಷ್. ನಾನು ತಡೆದರೆ, ಶಬ್ದ ಹುಡುಕುತ್ತಿದ್ದೇನೆ ಅಂದುಕೊಳ್ಳುತ್ತಾನೆ. ನಲವತ್ತೊಂದು ವರ್ಷದಲ್ಲಿ ಇಷ್ಟು ಮಾತು ಯಾರ ಹತ್ತಿರ ಆಡಿದ್ದೇನೆ...

ಸೆಪ್ಟೆಂಬರ್ 7, ಭಾನುವಾರ, ಮಧ್ಯಾಹ್ನ 2

ಸೇರಿತು.

ಕಂಪ್ಯೂಟರಿನ ತಾಳದ ಲೆಕ್ಕ ಬಂದ್ ಮಾಡಿ ಪ್ಯಾಡನ್ನು ಕೈಯಲ್ಲೇ ನುಡಿಸಿದೆ. ಮೊದಲ ಪೆಟ್ಟು ಹಗುರ, ಎರಡನೆಯದು ಭಾರ. ಅಷ್ಟೇ ಗುಟ್ಟು. ಕೆಳಗೆ ಕಂಪ್ಯೂಟರಿನ ಸಿಂಥ್ ಸ್ವರ ಗುಂಯ್‌ಗುಡುತ್ತಿತ್ತು, ಮೇಲೆ ಬಿಲ್ಲೆಗಳ ಝಲ್ಲು. ಹನ್ನೆರಡು ನಿಮಿಷ ಇಬ್ಬರೂ ನಿಲ್ಲಿಸಲಿಲ್ಲ.

ಅವನ ಊರಿನ ಫೋಟೋ ತೋರಿಸಿದ. ಅಲ್ಲೂ ಅಗೆದ ಕೆಂಪು ಗುಡ್ಡ. ಅವನನ್ನು ಸಾಕಿದ ಅಕ್ಕ ಬಾಗಿಲಲ್ಲಿ ನಿಂತಿದ್ದಾಳೆ. ನಮ್ಮ ಮನೆ ಫೋಟೋ ಕೇಳಿದ. ಇದೇ ಕೋಣೆ ಅಂದೆ.

ಸೆಪ್ಟೆಂಬರ್ 28, ಭಾನುವಾರ

ನಾನು ಪ್ಯಾಡ್ ನುಡಿಸುವ ಆರ್ಕೆಸ್ಟ್ರಾದ ಕಾಳಪ್ಪ ಒಪ್ಪಿದ. ನವೆಂಬರಿನಲ್ಲಿ ಕಂಪ್ಲಿಯಲ್ಲಿ ಒಂದು ರಿಸೆಪ್ಷನ್, ನಮ್ಮಿಬ್ಬರಿಗೆ ಹತ್ತು ನಿಮಿಷ. ಎಡ್ಮಿಲ್ಸನ್ ಕುಣಿದೇಬಿಟ್ಟ. ಇದಕ್ಕೊಂದು ದನಿ ಬೇಕು, ನೀನೇ ಹಾಡು ಅಂದ. ಆಗುವುದಿಲ್ಲ ಅಂದೆ. ಯಾಕೆ ಅಂತ ಕೇಳಲಿಲ್ಲ.

ಅಕ್ಟೋಬರ್ 12, ಭಾನುವಾರ

ಸಿಡಿ ತಂದ. ರಾತ್ರಿಯೆಲ್ಲ ಲ್ಯಾಪ್‌ಟಾಪಿನಲ್ಲಿ ಕೂತು ಮಾಡಿದ್ದಂತೆ. ಹಾಕಿದ. ನಮ್ಮ ಬೀಟು. ನಡುವೆ ಒಂದು ದನಿ — ತಿ, ತಿ-ತಿ, ತಿ, ತಿ-ತಿರು...

ನನ್ನದು. ಮೊದಲ ದಿನ ಮೈಕ್ ಟೆಸ್ಟಿಗೆ ತಿರುಮಲ ಅಂತ ಹೆಸರು ಹೇಳಿದ್ದೆ. ಅದನ್ನು ಕತ್ತರಿಸಿ ಪಂದೇರೊ ಪೆಟ್ಟಿಗೆ ಕೂಡಿಸಿದ್ದಾನೆ. ನಗುತ್ತಿದ್ದ. ಶಾಲೆಯಲ್ಲಿ ಹಾಜರಿ ಕೂಗುವಾಗ ಹಿಂದಿನ ಬೆಂಚಿನವರು ಹೀಗೇ ನಗುತ್ತಿದ್ದರು.

ಅಂದರೆ ನನ್ನ ಉಗ್ಗು ಅವನಿಗೆ ಮೊದಲಿನಿಂದಲೂ ಗೊತ್ತಿತ್ತು.

ಅರ್ಧಕ್ಕೇ ಬಂದ್ ಮಾಡಿದೆ. "ಗೋ" ಅಂದೆ. ಒಂದೇ ಸಲಕ್ಕೆ ಬಂತು, ಎಲ್ಲೂ ತಡೆಯದೆ. ಅವನು ಏನೋ ಹೇಳಲು ನೋಡಿದ. ಬಾಗಿಲು ಹಾಕಿಕೊಂಡೆ.

ಅಕ್ಟೋಬರ್ 19, ಭಾನುವಾರ

ಬರಲಿಲ್ಲ. ಸೆಖೆ ಅಂತ ಬಾಗಿಲು ತೆರೆದಿಟ್ಟಿದ್ದೆ.

ನವೆಂಬರ್ 6, ಗುರುವಾರ

ಇಷ್ಟು ದಿನ ಬರೆಯಲಿಲ್ಲ. ಪ್ಲಾಂಟಿನಲ್ಲಿ ವೈರಿನ ಬಣ್ಣ ಬಿಟ್ಟು ಬೇರೆ ಮಾತಿರಲಿಲ್ಲ. ಆಮೇಲೆ ನಾನೇ ರಜೆ ಹಾಕಿದೆ, ಅವನ ಮುಖ ನೋಡಬಾರದೆಂದು. ಅಷ್ಟರಲ್ಲಿ ಅದಿರಿನ ರೇಟು ಬಿತ್ತು. ಹೊಸ ಮಿಷಿನ್ ಕೆಲಸ ನಿಲ್ಲಿಸಿದ್ದಾರಂತೆ.

ಇವತ್ತು ಬಸ್ಸು ಹತ್ತಿ ಸಂಡೂರಿನ ಗೆಸ್ಟ್ ಹೌಸಿಗೆ ಹೋದೆ. ವಾಚ್‌ಮನ್ ಭರಮಣ್ಣ ಹಾಸಿಗೆ ಝಾಡಿಸುತ್ತಿದ್ದ.

"ನಿನ್ನೆ ಅವರ ದೇಶಕ್ಕ ಹೋದ್ರಲ್ರಿ. ನಿಮ್ಮನ್ನ ಭಾಳ ಕೇಳಿದ್ರು. ಮನಿ ಎಲ್ಲಿ ಅಂತ ನಮಗೇನು ಗೊತ್ರಿ, ಕಾರಿನವ ನಿಲ್ಲಲಿಲ್ಲ."

ಮನೆ ಅವನಿಗೆ ಗೊತ್ತಿತ್ತು. ಬಾಗಿಲು ತೆಗೆಯುತ್ತೇನೋ ಇಲ್ಲವೋ, ಅದು ಗೊತ್ತಿರಲಿಲ್ಲ.

ನವೆಂಬರ್ 9, ಭಾನುವಾರ

ಅವನು ಬಿಟ್ಟುಹೋದ ಸಿಡಿ ಪೂರ್ತಿ ಕೇಳಿದೆ. ಐದನೇ ನಿಮಿಷಕ್ಕೆ ಇನ್ನೊಂದು ದನಿ — ಎ, ಎ-ಎಡ್, ಎ, ಎಡ್-ಮಿಲ್... ತನ್ನ ಹೆಸರನ್ನೂ ಹಾಗೇ ಕತ್ತರಿಸಿ ನನ್ನದರ ಪಕ್ಕ ಇಟ್ಟಿದ್ದಾನೆ. ನಾನು ಕೇಳುವುದು, ಅವನು ಉತ್ತರ ಕೊಡುವುದು. ಕೊನೆಯಲ್ಲಿ ಎರಡೂ ಹೆಸರು ಒಟ್ಟಿಗೆ.

ಅದನ್ನು ಕೇಳಿಸಲಿಕ್ಕೇ ಬಂದಿದ್ದ.

ಇನ್ನೂ ಮೂರು ಸಲ ಹಾಕಿದೆ. ಅಡುಗೆ ಮಾಡಲಿಲ್ಲ.

ನವೆಂಬರ್ 16, ಭಾನುವಾರ

ಕಂಪ್ಲಿ. ಒಬ್ಬನೇ ಹೋದೆ. ಸಿಡಿ ಹಾಕಿ ಅದರ ಮೇಲೆ ಪ್ಯಾಡ್ ನುಡಿಸಿದೆ. ಜನ ಮೊದಲು ಸ್ಟೇಜ್ ನೋಡಿದರು, ಆಮೇಲೆ ಒಬ್ಬರ ಮುಖ ಒಬ್ಬರು. ಕಾಳಪ್ಪ ಓಡಿ ಬಂದ.

"ಲೇ ತಿರುಮಲ, ಸಿಡಿ ಸಿಕ್ಕೊಂಡೈತೇನಲೇ? ಜಲ್ದಿ ತೆಗಿ, ಪಿಚ್ಚರ್ ಹಾಡು ಹಚ್ಚು."

"ಸಿಡಿ ಸರಿ ಐತಿ. ಅ... ಅ... ಅದು ನಾನು."

ಮೈಕ್ ಆನ್ ಇತ್ತು. ಮಂಟಪಕ್ಕೆಲ್ಲ ಕೇಳಿಸಿತು. ಯಾರೋ ನಕ್ಕರು. ಅರ್ಧ ಜನ ಊಟಕ್ಕೆ ಎದ್ದರು. ಹತ್ತು ನಿಮಿಷ ಪೂರ್ತಿ ನುಡಿಸಿದೆ. ಮುಂದಿನ ಪ್ರೋಗ್ರಾಮಿಗೆ ಬರುವುದು ಬ್ಯಾಡ ಅಂದ ಕಾಳಪ್ಪ.

ಡಿಸೆಂಬರ್ 11, ಗುರುವಾರ

ಭರಮಣ್ಣ ಗೆಸ್ಟ್ ಹೌಸ್ ರಿಜಿಸ್ಟರಿನಿಂದ ಎಡ್ಮಿಲ್ಸನ್ ಮನೆಯ ನಂಬರ್ ಬರೆದುಕೊಟ್ಟ. ಫೋನೆಂದರೆ ನನಗೆ ಜ್ವರ. ಆದರೂ ಸ್ಟೇಷನ್ ರೋಡಿನ ಫೋನ್ ಬೂತಿಗೆ ಹೋದೆ, ಸಂಜೆ ಏಳಕ್ಕೆ. ಬ್ರೆಜಿಲಿನಲ್ಲಿ ಇನ್ನೂ ಮಧ್ಯಾಹ್ನ ಆಗಿರಲಿಲ್ಲ.

ಹೆಂಗಸಿನ ದನಿ. ಅಕ್ಕ ಇರಬೇಕು. ಹೆಸರು ಹೇಳಲು ಹೋದೆ, ಮೊದಲಿನ ಅಕ್ಷರಕ್ಕೇ ಸಿಕ್ಕಿಬಿದ್ದೆ. ಇಡುತ್ತಾಳೆ ಅಂದುಕೊಂಡೆ. ಇಡಲಿಲ್ಲ. ಕಾದಳು. ಪೂರ್ತಿ ಹೇಳಿ ಮುಗಿಸಿದ ಮೇಲೆ ತಾನೂ ಒಮ್ಮೆ ಹೇಳಿದಳು — ತಿರುಮಲ. ಆಮೇಲೆ ತನ್ನ ಭಾಷೆಯಲ್ಲಿ ಏನೇನೋ. ಸಂಡೇ ಅನ್ನುವುದೊಂದು ತಿಳಿಯಿತು. ಭಾನುವಾರ ಮಾಡಿದರೆ ಅವನು ಸಿಗುತ್ತಾನೆ ಅಂತ ಇರಬೇಕು.

ಡಿಸೆಂಬರ್ 14, ಭಾನುವಾರ, ಸಂಜೆ 6:40

ಬೂತಿನವನು ಚಹಾಕ್ಕೆ ಹೋಗಿದ್ದಾನೆ. ಹೊರಗಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಮೊದಲು ಕ್ಷಮೆ ಕೇಳಬೇಕು. ಆಮೇಲೆ ಕಂಪ್ಲಿಯ ವಿಷಯ. ಸಿಡಿ ಸಿಕ್ಕೊಂಡಿದೆ ಅಂದ ಕಾಳಪ್ಪ ಅಂತ ಹೇಳಿದರೆ ನಗುತ್ತಾನೆ. ನಗಲಿ.

ಬೂತಿನವನು ಬಂದ. ಒಳಗೆ ಲೈಟ್ ಹಾಕಿದ. ನಂಬರಿನ ಚೀಟಿ ಜೇಬಿನಲ್ಲಿದೆ. ಏಳುತ್ತೇನೆ.