ಎಸೆಯುವ ಮುನ್ನ ಬೆಂಚಿನ ಕಡೆ ನೋಡಬೇಕಂತೆ

ಮಾನ್ಯ ಕ್ರೀಡಾ ನಿರ್ದೇಶಕರೇ,

ಕಾಲೇಜಿನ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡವನ್ನು ಮುಂದಿನ ವರ್ಷದಿಂದ ಮುಚ್ಚುವುದಾಗಿ ತಾವು ಸೂಚನಾ ಫಲಕದಲ್ಲಿ ಪ್ರಕಟಿಸಿದ್ದೀರಿ. ಕಾರಣ, "ಆಟಗಾರ್ತಿಯರಲ್ಲಿ ಸಾಮರ್ಥ್ಯದ ಕೊರತೆ". ಅದೇ ಫಲಕದಲ್ಲಿ, ಅದರ ಪಕ್ಕದಲ್ಲೇ, ಅದೇ ತಂಡದ ತರಬೇತುದಾರರಿಗೆ ಪುರುಷರ ತಂಡದ ಹೊಣೆ ವಹಿಸಿ ಅಭಿನಂದಿಸಿದ್ದೀರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬ ಗಾದೆ ಕೇಳಿದ್ದೆ. ಎತ್ತಿಗೆ ಹಾರವನ್ನೂ ಹಾಕುತ್ತಾರೆ ಎಂದು ಈಗ ತಿಳಿಯಿತು.

ನಾನು ಆ ತಂಡದ ಎತ್ತರದ ಹುಡುಗಿಯ ತಾಯಿ. ಫೈನಲ್‌ನಲ್ಲಿ ಒಂದೇ ಅಂಕ ಹಿಂದಿದ್ದಾಗ, ಚೆಂಡು ಕೈಯಲ್ಲಿ ಹಿಡಿದು ಬುಟ್ಟಿಯ ಕೆಳಗೆ ಕಂಬದ ಹಾಗೆ ನಿಂತುಬಿಟ್ಟಳಲ್ಲ, ಅವಳೇ. ಅಡ್ಡ ಬರುವವರು ಒಬ್ಬರೂ ಇರಲಿಲ್ಲ. ಕೈ ಎತ್ತಿ ಹಾಕಿದ್ದರೆ ಗೆಲುವು. ಅವಳು ಹಾಕಲಿಲ್ಲ, ಕತ್ತು ತಿರುಗಿಸಿ ಬೆಂಚಿನ ಕಡೆ ನೋಡಿದಳು. ಯಾಕೆಂದರೆ ತಮ್ಮ ತರಬೇತುದಾರರ ನಿಯಮ ಹಾಗಿದೆ: ಅವರು ಎರಡು ಬೆರಳು ಎತ್ತಿದರೆ ಎಸೆಯಬೇಕು, ಮುಷ್ಟಿ ಹಿಡಿದರೆ ಪಾಸ್ ಕೊಡಬೇಕು. ಕೇಳದೆ ಎಸೆದವಳು, ಚೆಂಡು ಬುಟ್ಟಿಗೆ ಬಿದ್ದರೂ ಸರಿ, ಮುಂದಿನ ಪಂದ್ಯವಿಡೀ ಬೆಂಚಿನ ಮೇಲೆ ಕೂರಬೇಕು. ಆ ಗಳಿಗೆಯಲ್ಲಿ ಬೆರಳು ಎಲ್ಲಿತ್ತು ಗೊತ್ತೇ? ತಲೆಯಲ್ಲಿ. ಮಹಾಶಯರು ಫೋಟೋಗ್ರಾಫರ್ ಕಡೆ ತಿರುಗಿ ಕೂದಲು ಸರಿಮಾಡಿಕೊಳ್ಳುತ್ತಿದ್ದರು. ಸಮಯ ಮುಗಿದ ಶಿಳ್ಳೆ ಮೊಳಗಿತು. ಆಮೇಲೆ ಎಲ್ಲರೆದುರು ನನ್ನ ಮಗಳಿಗೆ, "ನಿಂಗೆ ಸ್ವಂತ ಬುದ್ಧಿ ಅನ್ನೋದೇ ಇಲ್ವಾ?" ಎಂದರು.

ಸ್ವಂತ ಬುದ್ಧಿಯಂತೆ. ಅದನ್ನು ಬಳಸಿದವರನ್ನೆಲ್ಲ ಕೂರಿಸಿ ಕೂರಿಸಿ ಬೆಂಚು ಸವೆದಿರುವಾಗ.

ಸೆಮಿಫೈನಲ್ ದಿನ ಇದೇ ಮಹಾಶಯರು ಹೊಟ್ಟೆ ಕೆಟ್ಟು ಮನೆಯಲ್ಲೇ ಉಳಿದಿದ್ದರು. ಇದೇ ಸಾಮರ್ಥ್ಯವಿಲ್ಲದ ಹುಡುಗಿಯರು ಎದುರಾಳಿಗಳನ್ನು ಉಸಿರಾಡಲೂ ಬಿಡದೆ ಗೆದ್ದರು. ತಂಡದವರೆಲ್ಲ ಚೋಟು ಎಂದು ಕರೆಯುವ ಪುಟ್ಟ ಹುಡುಗಿ ನೀರು ಕುಡಿಯುತ್ತಾ, "ಆಂಟಿ, ಇವತ್ತು ಕತ್ತು ನೋಯ್ತಾನೇ ಇಲ್ಲ" ಎಂದು ನಕ್ಕಳು. ಮರುದಿನ ತಾವು ಭಾಷಣದಲ್ಲಿ, ತರಬೇತುದಾರರು ಹಾಸಿಗೆಯಲ್ಲಿದ್ದರೂ ಅವರ ತಂತ್ರ ಅಂಗಣದಲ್ಲಿತ್ತು ಎಂದಿರಿ. ಹಾಸಿಗೆಯಿಂದಲೇ ಗೆಲ್ಲಿಸುವ ಮನುಷ್ಯನನ್ನು ಫೈನಲ್‌ಗೆ ಕರೆತಂದಿದ್ದಾದರೂ ಏಕೆ?

ತಮ್ಮ ಕಚೇರಿಗೂ ಬಂದಿದ್ದೆ. ಫೈಲಿನಿಂದ ತಲೆ ಎತ್ತದೆ, "ನೋಡಮ್ಮ, ಕೋಚ್ ಎಷ್ಟು ಅಂತ ಮಾಡ್ತಾರೆ? ಹುಡುಗೀರಲ್ಲಿ ಇರಬೇಕಲ್ವಾ?" ಎಂದಿರಿ.

"ಸೆಮಿಫೈನಲ್‌ನಲ್ಲಿ ಇತ್ತಲ್ಲ ಸರ್?"

"ಅದು ಕೋಚಿಂಗ್ ಕಣಮ್ಮ."

ಗೆದ್ದರೆ ಅವರ ತರಬೇತಿ, ಸೋತರೆ ಇವರ ಸಾಮರ್ಥ್ಯ. ಇಷ್ಟು ಸಲೀಸಾದ ಲೆಕ್ಕಾಚಾರಕ್ಕೆ ನಿರ್ದೇಶಕರೇ ಬೇಕೇ?

ತರಬೇತಿ ಬೇಡ ಎನ್ನುವವಳಲ್ಲ ನಾನು. ನಾನೂ ಕಲಿಸುವವಳೇ, ಡ್ರೈವಿಂಗ್ ಶಾಲೆಯಲ್ಲಿ. ನನ್ನ ಕಾಲ ಬಳಿಯೂ ಒಂದು ಬ್ರೇಕ್ ಇರುತ್ತದೆ, ಬೇಕಾದಾಗ ಒತ್ತುತ್ತೇನೆ, ಬೈಯುವುದೂ ಉಂಟು. ಆದರೆ ಕಲಿಯುವವರು ತಿರುವಿಗೊಮ್ಮೆ ನನ್ನ ಮುಖ ನೋಡತೊಡಗಿದರೆ ಗಾಡಿ ಚರಂಡಿಗೆ ಇಳಿಯುತ್ತದೆ. ಇಳಿದರೆ ತಪ್ಪು ನನ್ನದೇ, ಅವರ ಸಾಮರ್ಥ್ಯದ್ದಲ್ಲ.

ಮುಂದಿನದು ನನ್ನ ಮಗಳಿಗೆ ಕಾಲೇಜಿನ ಕೊನೆಯ ವರ್ಷ. ಫೈನಲ್ ಆದಮೇಲೆ ಅವಳು ಚೆಂಡು ಮುಟ್ಟಿಲ್ಲ. "ನಂಗೆ ಬರಲ್ಲ ಬಿಡಮ್ಮ" ಎನ್ನುತ್ತಾಳೆ. ಆದ್ದರಿಂದ ತಂಡ ಮುಚ್ಚುವ ಆದೇಶವನ್ನು ಹಿಂಪಡೆಯಿರಿ. "ಸಾಮರ್ಥ್ಯದ ಕೊರತೆ" ಎಂಬ ಮಾತನ್ನು, ಬರೆದ ಫಲಕದಲ್ಲೇ, ತಪ್ಪಾಯಿತೆಂದು ಬರೆದು ಅಳಿಸಿ. ಹುಡುಗಿಯರಿಗೆ ಅಂಗಣ ಕೊಡಿ, ಆಟ ನೋಡಲು ಬಲ್ಲ ಒಬ್ಬರನ್ನು ಕೊಡಿ.

ಈ ಪತ್ರವನ್ನು ಪತ್ರಿಕೆಗೆ ಕೊಡುತ್ತೇನೆ ಎಂದಾಗ ಮಗಳು ಗಾಬರಿಯಿಂದ ಎದ್ದು ಬಂದಳು. "ಅಮ್ಮಾ, ಕೊಡೋಕ್ ಮುಂಚೆ ಸರ್‌ನ ಒಂದ್ಸಲ ಕೇಳ್ಬಿಡು" ಎಂದಳು. ಇದೊಂದನ್ನು ಮಾತ್ರ ತಮ್ಮ ತರಬೇತುದಾರರು ಬಹಳ ಚೆನ್ನಾಗಿ ಕಲಿಸಿದ್ದಾರೆ.

ಇಂತಿ,
ಯಾರನ್ನೂ ಕೇಳದೆ ಬರೆದ,
ಸಾಮರ್ಥ್ಯವಿಲ್ಲದವಳ ತಾಯಿ