ಹದಿನಾಲ್ಕನೇ ಪ್ರಶ್ನೆಗೆ ಅರವತ್ತು ಮನೆಗಳ ತಪ್ಪೊಪ್ಪಿಗೆ

ಸಾರ್ವಜನಿಕ ಆರೋಗ್ಯ ವಿಭಾಗದ ಪಿಎಚ್‌ಡಿ ಕೋರ್ಸ್‌ವರ್ಕ್ ಸಮಿತಿಯ ಅಧ್ಯಕ್ಷರಾದ ಮಾನ್ಯರೇ,

ಒಂಬತ್ತು ವರ್ಷಗಳಿಂದ ನಮ್ಮ ಬೀದಿ ನಿಮಗೆ ಸುಳ್ಳು ಹೇಳುತ್ತಾ ಬಂದಿದೆ. ಆ ಸುಳ್ಳಿಗೆ ನೀವು ವರ್ಷವರ್ಷವೂ ತಪ್ಪದೆ ಒಳ್ಳೆಯ ಅಂಕ ಕೊಟ್ಟಿದ್ದೀರಿ. ಈ ವರ್ಷ ಇಡೀ ಬೀದಿ ಮೊದಲ ಬಾರಿಗೆ ನಿಜ ಹೇಳಿತು. ಅದನ್ನು ಬರೆದುಕೊಂಡು ಬಂದ ಹೆಂಗಸನ್ನು ಫೇಲು ಮಾಡಿದಿರಿ. ನನ್ನ ದೂರು ಇಷ್ಟೇ. ಇಷ್ಟರಲ್ಲೇ ತಮಗೆ ಅರ್ಥವಾದರೆ ಮುಂದಿನದನ್ನು ಓದುವ ಶ್ರಮ ಬೇಡ. ಆದರೆ ತಮ್ಮನ್ನು ತಮ್ಮ ಕೋಣೆಯಲ್ಲೇ ಕಂಡು ಮಾತಾಡಿ ಬಂದವಳಾದ್ದರಿಂದ, ಯಾವುದಕ್ಕೂ ಇರಲಿ ಎಂದು ಮುಂದಿನದನ್ನೂ ಬರೆದಿದ್ದೇನೆ.

ನಾನು ತಮ್ಮ ಹಿಂದಿನ ಗೇಟಿನಿಂದ ಏಳು ನಿಮಿಷ ನಡೆದರೆ ಸಿಗುವ ಬೀದಿಯ ಟೈಲರ್. ಮನೆ ಸಂಖ್ಯೆ ಇಪ್ಪತ್ಮೂರು. ಮುಂದಿನ ಕೋಣೆ ಅಂಗಡಿ, ಹಿಂದಿನದು ಸಂಸಾರ. ಓದನ್ನು ಅರ್ಧಕ್ಕೆ ಬಿಟ್ಟವಳು. ಹಾಗಿದ್ದೂ ದತ್ತಾಂಶ, ಮಾದರಿ, ಪ್ರಶ್ನಾವಳಿ ಎಂಬ ಮಾತುಗಳು ನನ್ನ ಬಾಯಲ್ಲಿ ಲೀಲಾಜಾಲವಾಗಿ ಬರುತ್ತವೆಂದರೆ ಅದಕ್ಕೆ ತಮ್ಮ ವಿದ್ಯಾರ್ಥಿಗಳೇ ಕಾರಣ. ಡಾಕ್ಟರೇಟ್ ಬೇಕೆನ್ನುವವರು ಪ್ರಬಂಧಕ್ಕೆ ಕೈಹಾಕುವ ಮೊದಲು ಒಂದು ವರ್ಷ ಪಾಠ ಕೇಳಿ ಪಾಸಾಗಬೇಕು. ಅದರಲ್ಲಿ ‘ಸಮುದಾಯ ಸಮೀಕ್ಷೆ’ ಎಂಬ ಪೇಪರಿಗೆ ಅರವತ್ತು ಮನೆ ಹತ್ತಿಳಿದು ನಲವತ್ತು ಪ್ರಶ್ನೆ ಕೇಳಿ ಬರಬೇಕು ಎಂಬುದು ತಮ್ಮ ನಿಯಮ. ನಮ್ಮ ಬೀದಿಯಲ್ಲಿ ಲೆಕ್ಕ ಹಾಕಿದಂತೆ ಅರವತ್ತು ಮನೆ. ಏರಿಲ್ಲ, ಕಚ್ಚುವ ನಾಯಿಯಿಲ್ಲ, ಎರಡೂ ಬದಿಗೆ ಮರದ ನೆರಳು. ವಿಜ್ಞಾನಕ್ಕೆ ಇದಕ್ಕಿಂತ ಇನ್ನೇನು ಬೇಕು? ವರ್ಷಕ್ಕೆ ನಾಲ್ಕೈದು ಜನರಂತೆ ಹೋದ ವರ್ಷದವರೆಗೆ ನಲವತ್ತೊಂದು ಜನ ಬಂದಿದ್ದಾರೆ. ನಲವತ್ತೊಂದು ಸಲ ನಮ್ಮ ಬೀದಿ ಬಾಗಿಲು ತೆರೆದಿದೆ.

ಮೊಟ್ಟಮೊದಲ ಸಲ ನಾವೂ ಪ್ರಾಮಾಣಿಕರೇ ಆಗಿದ್ದೆವು. ಹದಿನಾಲ್ಕನೇ ಪ್ರಶ್ನೆ, ‘ಕುಡಿಯುವ ನೀರನ್ನು ಕುದಿಸುತ್ತೀರಾ?’ ನಾನು ‘ಇಲ್ಲ’ ಎಂದೆ. ಇರುವುದೊಂದು ಒಲೆ, ಅಡುಗೆಯಾಗಿ ಅದು ಖಾಲಿಯಾಗುವಷ್ಟರಲ್ಲಿ ಗಿರಾಕಿಗಳು ಬಾಗಿಲಲ್ಲಿರುತ್ತಾರೆ. ಆದರೆ ಮಾನ್ಯರೇ, ತಮ್ಮ ಫಾರಂ ಬಹಳ ಜಾಣ. ‘ಹೌದು’ ಎಂದರೆ ನೇರ ಹದಿನೈದಕ್ಕೆ ಹೋಗಬಹುದು. ‘ಇಲ್ಲ’ ಎಂದರೆ ಎಂಟು ಉಪಪ್ರಶ್ನೆ. ಏಕಿಲ್ಲ, ಎಂದಿನಿಂದಿಲ್ಲ, ಕುದಿಸದಿರಲು ಮನೆಯಲ್ಲಿ ತೀರ್ಮಾನಿಸುವವರು ಯಾರು. ಅದು ಮುಗಿದ ಮೇಲೆ ಕ್ರಿಮಿಗಳ ಬಣ್ಣದ ಚಿತ್ರ ತೋರಿಸಿ ಒಂದು ಉಪದೇಶ. ನಿಜ ಹೇಳಿದ ಮನೆಗೆ ಐವತ್ತು ನಿಮಿಷ ಹಿಡಿಯಿತು. ಎದುರುಮನೆಯಾಕೆ ಎಲ್ಲಕ್ಕೂ ಹೌದು ಎಂದು ಹನ್ನೆರಡೇ ನಿಮಿಷದಲ್ಲಿ ಎದ್ದು ಹೋಗಿ ಬಟ್ಟೆ ಒಣಹಾಕುತ್ತಿದ್ದಳು. ನಾನು ಕಿಟಕಿಯಿಂದ ನೋಡಿದೆ. ಇಡೀ ಬೀದಿ ನೋಡಿತು.

ಎರಡನೇ ಸಲದಿಂದಲೇ ನಮ್ಮಲ್ಲಿ ನೀರು ಕುದಿಯತೊಡಗಿತು, ಫಾರಮಿನಲ್ಲಿ. ಸೊಳ್ಳೆಪರದೆಗಳು ಇಳಿಬಿದ್ದವು. ದಿನಕ್ಕೆ ಮೂರು ಬಗೆಯ ತರಕಾರಿ ಬೆಂದವು. ಪಕ್ಕದ ಮನೆಗೆ ಹೊಸದಾಗಿ ಬಂದ ಸೊಸೆಗೆ ಅವಳತ್ತೆ ಅಡುಗೆಮನೆ ತೋರಿಸುವ ಮೊದಲೇ ‘ಹದಿನಾಲ್ಕಕ್ಕೆ ಹೌದು ಅನ್ನು, ಇಪ್ಪತ್ತಕ್ಕೆ ಸ್ವಲ್ಪ ಯೋಚನೆ ಮಾಡಿ ಹೌದು ಅನ್ನು’ ಎಂದು ಹೇಳಿಕೊಟ್ಟಿದ್ದಳು. ನಮ್ಮತ್ತೆಯಂತೂ ಈ ವಿದ್ಯೆಯಲ್ಲಿ ಇಡೀ ಬೀದಿಗೆ ಗುರು.

ಇದೆಲ್ಲ ತಮಾಷೆಯಾಗಿಯೇ ನಡೆದಿತ್ತು, ಹೋದ ವರ್ಷ ನನ್ನ ಮಗಳು ಕಾಯಿಲೆ ಬಿದ್ದು ಮಲಗುವವರೆಗೆ. ಅವಳಿಗೆ ಎಂಟು ವರ್ಷ. ವಾಂತಿ, ಭೇದಿ ಹತ್ತಿಕೊಂಡಿತು. ಆಸ್ಪತ್ರೆಗೆ ಎತ್ತಿಕೊಂಡು ಹೋಗುವಾಗ ಅವಳ ಕತ್ತು ನಿಲ್ಲುತ್ತಿರಲಿಲ್ಲ. ಡ್ರಿಪ್ ಹಾಕಿಸುತ್ತಾ ಡಾಕ್ಟರು ಕೇಳಿದರು: “ಮನೇಲಿ ನೀರು ಕುದಿಸಿ ಕುಡೀತೀರಾ?”

ನಾನು ಯೋಚಿಸಲೇ ಇಲ್ಲ. “ಹೌದು” ಎಂದೆ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಎಂಟು ವರ್ಷದ ಅಭ್ಯಾಸ, ಬಾಯಿ ತಾನೇ ಹೇಳಿತು.

“ಹಾಗಾದ್ರೆ ಹೊರಗಡೆ ಏನೋ ತಿಂದಿರ್ಬೇಕು” ಎಂದರು ಡಾಕ್ಟರು.

“ನಾನು ಏನೂ ತಿಂದಿಲ್ಲಮ್ಮ” ಎಂದಳು ಮಗಳು. ಡ್ರಿಪ್ ಹಾಕಿದ ಕೈ ಹಿಡಿದುಕೊಂಡೇ ಅವಳಿಗೆ ಬೈದೆ. ಮೂರನೇ ದಿನ ಮನೆಗೆ ಕರೆತಂದು ಅದೇ ನಲ್ಲಿಯ ನೀರು ಕುಡಿಸಿದೆ. ವಾರದೊಳಗೆ ಮತ್ತೆ ಅದೇ ಆಸ್ಪತ್ರೆ, ಅದೇ ವಾರ್ಡು, ಈ ಸಲ ಮಂಚ ಬಾಗಿಲ ಪಕ್ಕ. ಆಗ ಡಾಕ್ಟರ ಹತ್ತಿರ ನಿಜ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮಗಳು ಚೇತರಿಸಿಕೊಂಡಳು. ಅವಳೊಬ್ಬಳಿಗೆ ಅಂದಿನಿಂದ ನೀರು ಕುದಿಸತೊಡಗಿದೆ. ಆದರೆ ಆ ‘ಏನೂ ತಿಂದಿಲ್ಲಮ್ಮ’ ಈಗಲೂ ಕೆಲವೊಮ್ಮೆ ಹೊಲಿಗೆಯ ನಡುವೆ ಕಿವಿಗೆ ಬೀಳುತ್ತದೆ, ಪೆಡಲ್ ಮೇಲಿನ ಕಾಲು ನಿಂತುಬಿಡುತ್ತದೆ.

ಈ ವರ್ಷ ತಮ್ಮ ಕಡೆಯಿಂದ ಬಂದಾಕೆ ಹದಿನೈದು ವರ್ಷ ನರ್ಸ್ ಆಗಿದ್ದವರು. ನಲವತ್ತು ದಾಟಿದ ಮೇಲೆ, ಆಸ್ಪತ್ರೆಯಿಂದ ಮೂರು ವರ್ಷ ರಜೆ ಪಡೆದು ಡಾಕ್ಟರೇಟಿಗೆ ಸೇರಿದ್ದರು. ಬೀದಿಯೆಲ್ಲ ಅವರನ್ನು ಸಿಸ್ಟರ್ ಎಂದೇ ಕರೆಯಿತು. ನನ್ನ ಅಂಗಡಿಗೆ ಬಂದು ಮೊದಲು ಹರಿದ ಬ್ಯಾಗಿನ ಪಟ್ಟಿ ಹೊಲಿಯಲು ಕೊಟ್ಟರು, ಆಮೇಲೆ ಫಾರಂ ತೆಗೆದರು. ಅವರು ಪೆನ್ನಿನ ಮುಚ್ಚಳ ತೆಗೆಯುವಷ್ಟರಲ್ಲಿ ನಮ್ಮತ್ತೆ ಶುರು ಹಚ್ಚಿಕೊಂಡಿದ್ದರು.

“ಬರ್ಕೊಳಮ್ಮ. ಒಂದು, ಐದು ಜನ. ಎರಡು, ಸ್ವಂತ ಮನೆ. ಮೂರು...”

“ಅಜ್ಜಿ, ನಾನಿನ್ನೂ ಪ್ರಶ್ನೇನೇ ಕೇಳಿಲ್ವಲ್ಲ.”

“ನೀನು ಕೇಳ್ತಾ ಕೂತ್ರೆ ಹೊತ್ತಾಗುತ್ತೆ ತಾಯಿ. ಮೊಮ್ಮಗಳನ್ನ ಶಾಲೆಯಿಂದ ಕರ್ಕೊಂಡ್ ಬರ್ಬೇಕು ನಾನು.”

ಸಿಸ್ಟರ್ ಬಿದ್ದು ಬಿದ್ದು ನಕ್ಕರು. ಪೆನ್ನಿಗೆ ಮುಚ್ಚಳ ಹಾಕಿದರು. “ಅಜ್ಜಿ, ಬಾಯಾರಿದೆ. ಆ ಹದಿನಾಲ್ಕನೇ ನೀರು ಒಂದು ಲೋಟ ಕೊಡ್ತೀರಾ?”

ಅತ್ತೆ ನನ್ನ ಮುಖ ನೋಡಿದರು. ನಾನು ಮಷೀನಿನ ಮುಖ ನೋಡಿದೆ. ಆಮೇಲೆ ನಾನೇ ಹೇಳಿದೆ, “ಮಗಳ ಬಾಟಲಿಲಿ ಒಂದಿಷ್ಟಿದೆ ಸಿಸ್ಟರ್. ಬೇರೆ ಯಾರಿಗೂ ಕುದಿಸಲ್ಲ.” ಹೇಳುತ್ತಾ ಹೋದಂತೆ ಆಸ್ಪತ್ರೆಯ ಕತೆಯೂ ಹೊರಬಂತು. ಅವರು ಬಣ್ಣದ ಚಿತ್ರ ತೆಗೆಯಲಿಲ್ಲ. ಫಾರಮಿನಲ್ಲಿ ಇಲ್ಲದ ಒಂದೇ ಒಂದು ಪ್ರಶ್ನೆ ಕೇಳಿದರು: “ಅವಳು ಮಲಗಿದ್ಳಲ್ಲ, ಅದಕ್ಕೆ ಹಿಂದಿನ ಎರಡು ದಿನ ನಲ್ಲಿ ನೀರು ಹೇಗಿತ್ತು?”

ಒಂಬತ್ತು ವರ್ಷದಲ್ಲಿ ಯಾರೂ ಇದನ್ನು ಕೇಳಿರಲಿಲ್ಲ. ಕೇಳಿದ ಕೂಡಲೇ ನೆನಪಾಯಿತು: ಐದು ದಿನ ನೀರಿಲ್ಲದೆ, ಆರನೇ ದಿನ ಬಂದಾಗ ಮೊದಲ ಕೊಡ ಕಂದು ಬಣ್ಣಕ್ಕಿತ್ತು.

ಮಾನ್ಯರೇ, ನನ್ನ ಕಸುಬಿನ ಒಂದು ಸಣ್ಣ ವಿಚಾರ. ಅಳತೆ ಕೊಡಲು ನಿಂತ ಗಿರಾಕಿ ಟೇಪು ಕಂಡ ಕೂಡಲೇ ಹೊಟ್ಟೆ ಒಳಗೆಳೆದುಕೊಳ್ಳುತ್ತಾರೆ. ಆ ಅಳತೆಗೆ ಹೊಲಿದರೆ ಬಟ್ಟೆ ಮೂರನೇ ದಿನ ವಾಪಸು ಬರುತ್ತದೆ. ಅದಕ್ಕೇ ನಾನು ಮಕ್ಕಳು ಮರಿ ಎಂದು ಮಾತಾಡಿಸುತ್ತಾ ನಿಂತಿದ್ದು, ಅವರು ಉಸಿರು ಬಿಟ್ಟ ಮೇಲೆ ಟೇಪು ಹಿಡಿಯುತ್ತೇನೆ. ಸಿಸ್ಟರ್ ಮಾಡಿದ್ದೂ ಇದನ್ನೇ. ಹನ್ನೊಂದು ಮಧ್ಯಾಹ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು ಬೀದಿಯ ಹೆಂಗಸರು ಉಸಿರು ಬಿಡುವವರೆಗೆ ಕಾದರು. ಇದು ತಮ್ಮ ಕೋರ್ಸ್‌ವರ್ಕಿನಲ್ಲಿ ಎಷ್ಟನೇ ಪಾಠ? ಪಾಠಪಟ್ಟಿಯಲ್ಲಿ ಇಲ್ಲದಿದ್ದರೆ ನಾನು ಬಂದು ಹೇಳಿಕೊಡಲು ಸಿದ್ಧ. ಸೋಮವಾರ ಮಾತ್ರ ಆಗುವುದಿಲ್ಲ, ಶಾಲೆಯ ಯೂನಿಫಾರಂ ಕೊಡುವ ದಿನ.

ಕಾಯಿಲೆ ಬಿದ್ದಿದ್ದ ಒಂದೊಂದು ಮನೆಗೂ ಸಿಸ್ಟರ್ ನನ್ನ ಕಟಿಂಗ್ ಕಾಗದದ ಮೇಲೆ ಸೀಮೆಸುಣ್ಣದಿಂದ ಒಂದೊಂದು ಚುಕ್ಕೆ ಇಟ್ಟರು. ಚುಕ್ಕೆಗಳೆಲ್ಲ ಬೀದಿಯ ಮಧ್ಯದಲ್ಲಿ ಅಡ್ಡ ಹಾಯುವ ಮೋರಿಯಿಂದ ನಮ್ಮ ಮನೆಯಿರುವ ಬದಿಗೇ ಬಿದ್ದವು. ಇನ್ನೊಂದು ಬದಿಗೆ ಒಂದೂ ಇಲ್ಲ. ನನ್ನ ಮೈದುನ ಪ್ಲಂಬರ್. ಅವನು ಕಾಗದ ನೋಡಿ ತಲೆ ಕೆರೆದುಕೊಂಡ. “ಅತ್ತಿಗೆ, ಆ ಮೋರಿ ಒಳಗಿಂದಾನೇ ನಮ್ಮ ನೀರಿನ ಪೈಪು ಹೋಗಿರೋದು. ಜಾಯಿಂಟ್ ಹೋಗಿದ್ರೆ, ನೀರು ನಿಂತ ದಿನ ಪೈಪು ಮೋರಿ ಕೊಳೇನ ಒಳಗೆಳ್ಕೊಳುತ್ತೆ. ಮತ್ತೆ ನೀರು ಬಿಟ್ಟಾಗ ಅದೇ ನಮ್ಮ ಕೊಡಕ್ಕೆ ಬರುತ್ತೆ.”

ಸಿಸ್ಟರ್ ಇದೆಲ್ಲವನ್ನೂ ಬರೆದರು. ಅರವತ್ತರಲ್ಲಿ ನೀರು ಕುದಿಸುವ ಮನೆ ಏಳು ಎಂದು ಬರೆದರು. ಮೋರಿಯನ್ನೂ ಚುಕ್ಕೆಗಳನ್ನೂ ಬರೆದರು. ತಮ್ಮ ಸಮಿತಿಯ ಷರಾ ನನಗೆ ಬಾಯಿಪಾಠವಾಗಿದೆ: ‘ಹಿಂದಿನ ಒಂಬತ್ತು ತಂಡಗಳ ದತ್ತಾಂಶಕ್ಕೆ ಸಂಪೂರ್ಣ ವ್ಯತಿರಿಕ್ತವಾಗಿದೆ. ದತ್ತಾಂಶವನ್ನು ಸೃಷ್ಟಿಸಿರುವ ಶಂಕೆಯಿದೆ. ಪ್ರಶ್ನಾವಳಿಯಲ್ಲಿಲ್ಲದ ಪ್ರಶ್ನೆಗಳನ್ನು ಕೇಳಲಾಗಿದೆ. ಅನುತ್ತೀರ್ಣ. ಕೋರ್ಸ್‌ವರ್ಕ್ ಪುನಃ ಮಾಡತಕ್ಕದ್ದು.’

ಬ್ಯಾಗಿನ ಇನ್ನೊಂದು ಪಟ್ಟಿ ಹೊಲಿಸಲು ಬಂದ ದಿನ ಸಿಸ್ಟರ್ ಮುಖ ನೋಡಿ ನಾನೇ ಕೆದಕಿದೆ. “ಬೇಜಾರೇನಿಲ್ಲ ಅಕ್ಕ” ಎಂದರು. ಆಮೇಲೆ ಗೋಡೆಯ ಕಡೆ ತಿರುಗಿ ಬಹಳ ಹೊತ್ತು ನೂಲಿನ ಬಣ್ಣಗಳನ್ನು ನೋಡುತ್ತಾ ನಿಂತರು. ರಜೆ ಇರುವುದು ಮೂರೇ ವರ್ಷ. ಒಂದು ವರ್ಷ ಹೀಗೆ ಹೋದರೆ ಪ್ರಬಂಧ ಮುಗಿಯುವುದಿಲ್ಲ. ಅವರು ಹೋದ ಮೇಲೆ ಅತ್ತೆ ಎದ್ದು ಚಪ್ಪಲಿ ಮೆಟ್ಟಿಕೊಂಡರು. “ಸುಳ್ಳು ಹೇಳಿದ್ದು ನಾವು, ಫೇಲಾಗಿದ್ದು ಅವಳು. ನಡಿ, ಹೇಳಿ ಬರೋಣ.”

ಹೀಗೆ ನಾವು ತಮ್ಮಲ್ಲಿಗೆ ಬಂದೆವು. ಕಾರಿಡಾರಿನಲ್ಲಿ ಗಾಜು ಹಾಕಿದ ದೊಡ್ಡ ಪಟ ಇತ್ತು: ನಮ್ಮದೇ ಬೀದಿಯ ಫೋಟೊ, ಕೆಳಗೆ ‘ಮಾದರಿ ಬೀದಿ: ನೀರು ಕುದಿಸುವವರು ಶೇಕಡಾ ತೊಂಬತ್ತೇಳು.’ ಅತ್ತೆ ಅದರ ಮುಂದೆ ನಿಂತು, ಉಳಿದ ಮೂರು ಯಾರಿರಬಹುದೆಂದು ಬಹಳ ತಲೆಕೆಡಿಸಿಕೊಂಡರು. ಮುಂದಿನದು ತಮಗೆ ನೆನಪಿರಬಹುದು, ಸಮಿತಿಯ ಉಳಿದವರಿಗಾಗಿ ಹೇಳುತ್ತೇನೆ.

“ಆ ತೊಂಬತ್ತೇಳರಲ್ಲಿ ನಾನೂ ಒಬ್ಳು ಸ್ವಾಮಿ. ನಾವು ನೀರು ಕುದಿಸಲ್ಲ” ಎಂದರು ಅತ್ತೆ.

“ನೋಡಿಯಮ್ಮ” ಎಂದಿರಿ ತಾವು, ಬಹಳ ತಾಳ್ಮೆಯಿಂದ. “ಒಬ್ಬರು ಸುಳ್ಳು ಹೇಳಬಹುದು. ಅರವತ್ತು ಮನೆಯವರು ಒಂಬತ್ತು ವರ್ಷ ಒಂದೇ ಥರ ಸುಳ್ಳು ಹೇಳೋಕೆ ಸಾಧ್ಯಾನೇ ಇಲ್ಲ.”

ಅತ್ತೆಗೆ ಅವಮಾನವಾಯಿತು. “ಯಾಕ್ ಸಾಧ್ಯ ಇಲ್ಲ? ಒಬ್ಬೊಬ್ಬರಿಗೂ ನಾನೇ ಕೂತು ಹೇಳ್ಕೊಟ್ಟಿದೀನಿ!”

“ಈಗ ಹೇಳ್ತಿರೋದೇ ಸುಳ್ಳಿರಬಹುದಲ್ಲ?”

“ಹಾಗಾದ್ರೆ ಫಾರಂ ತರಿಸಿ, ಇಲ್ಲೇ ತುಂಬಿಸಿ.”

“ಈ ವರ್ಷದ ಸಮೀಕ್ಷೆ ಮುಗಿದಿದೆ” ಎಂದು ತಾವು ಎದ್ದಿರಿ. ಏಳುವಾಗ ಮೇಜಿನ ಮೇಲಿದ್ದ ಸೀಲು ಬಾಟಲಿಯ ನೀರು ಕುಡಿದಿರಿ. ತಮಗೂ ನಲ್ಲಿಯ ಮೇಲೆ ನಂಬಿಕೆ ಅಷ್ಟಕ್ಕಷ್ಟೇ ಎಂದು ಆಗ ತಿಳಿಯಿತು.

ಅಲ್ಲಿಂದ ನೀರು ಸರಬರಾಜಿನ ಕಚೇರಿಗೆ ಹೋದೆವು. ಅಲ್ಲಿನ ಅಧಿಕಾರಿ ಬೀರುವಿನಿಂದ ತಮ್ಮದೇ ವರದಿ ತೆಗೆದು ತೋರಿಸಿದರು: “ನಿಮ್ಮ ಬೀದಿಯಲ್ಲಿ ನೀರಿನಿಂದ ತೊಂದರೆ ಇಲ್ಲ ಅಂತ ಇಲ್ಲಿ ಅಚ್ಚಾಗಿದೆಯಲ್ಲಮ್ಮ. ನಿಮಗಿಂತ ಬೇರೆ ಬೀದಿಗಳಿಗೆ ಜರೂರಿದೆ.” ಅಲ್ಲಿ ಅಚ್ಚಾಗಿದ್ದದ್ದು ನನ್ನ ಮಾತೇ. ಮೂವತ್ತೆಂಟು ನಿಮಿಷ ಉಳಿಸಿಕೊಳ್ಳಲು ನಾನು ಆಡಿದ ಮಾತಿಗೆ ಮೊಹರು ಬಿದ್ದು, ಅದು ನನ್ನ ಮಗಳ ನಲ್ಲಿಗೇ ಅಡ್ಡ ನಿಂತಿತ್ತು. ಈ ತಪ್ಪಿನಲ್ಲಿ ನಮ್ಮ ಪಾಲನ್ನು ನಾನು ತಮ್ಮ ತಲೆಗೆ ಕಟ್ಟುವುದಿಲ್ಲ. ಆದರೆ ಸುಳ್ಳಿಗೆ ಹನ್ನೆರಡು ನಿಮಿಷ, ನಿಜಕ್ಕೆ ಐವತ್ತು ಎಂದು ಫಾರಂ ಹೊಲಿದವರು ಯಾರು?

ಒಂದು ಭಾನುವಾರ ಬೆಳಿಗ್ಗೆ ಹತ್ತು ಜನ ಸೇರಿ ಮೋರಿಯ ಚಪ್ಪಡಿ ಎತ್ತಿದರು. ಮೈದುನ ಇಳಿದ. ಜಾಯಿಂಟಿನ ಪಕ್ಕ ಪೈಪು ತುಕ್ಕು ಹಿಡಿದು ನನ್ನ ಹೆಬ್ಬೆರಳು ಹೋಗುವಷ್ಟು ತೂತಾಗಿತ್ತು. ಆ ತುಂಡು ಕತ್ತರಿಸಿ ತೆಗೆದು, ಹೊಸದನ್ನು ಮೋರಿಯ ಮೇಲಿಂದ ಹಾಯಿಸಿದ. ಇವತ್ತಿಗೆ ಹನ್ನೊಂದು ವಾರ. ಮೋರಿಯಿಂದ ನಮ್ಮ ಬದಿಯ ಒಂದು ಮನೆಯಲ್ಲೂ ಯಾರೂ ಕಾಯಿಲೆ ಬಿದ್ದು ಮಲಗಿಲ್ಲ. ತಮ್ಮ ಭಾಷೆಯಲ್ಲಿ ಇದಕ್ಕೆ ಫಲಿತಾಂಶ ಎನ್ನುತ್ತಾರೆಂದು ಕೇಳಿದ್ದೇನೆ. ಇದನ್ನು ಬರೆಯಬೇಕಾದವರು ಈಗ ತಮ್ಮ ಎರಡನೇ ಮಹಡಿಯ ತರಗತಿಯಲ್ಲಿ, ತನಗಿಂತ ಹದಿನೆಂಟು ವರ್ಷ ಚಿಕ್ಕವರ ನಡುವೆ ಕೂತು, ‘ಸಮೀಕ್ಷೆ ಎಂದರೇನು’ ಎಂಬ ಪಾಠವನ್ನು ಮತ್ತೆ ಕೇಳುತ್ತಿದ್ದಾರೆ.

ಆದ್ದರಿಂದ ಮಾನ್ಯರೇ, ಸಿಸ್ಟರ್ ಅವರ ವರದಿಯನ್ನು ಮತ್ತೊಮ್ಮೆ ತೆರೆದು ಓದಿ, ಅವರಿಗೆ ಸಲ್ಲಬೇಕಾದ ಅಂಕ ಕೊಟ್ಟು, ಈ ತಿಂಗಳೊಳಗೆ ಪ್ರಬಂಧಕ್ಕೆ ಹಚ್ಚಿ. ದತ್ತಾಂಶ ಸೃಷ್ಟಿಸಿದವರು ಅವರಲ್ಲ, ನಾವು. ಶಿಕ್ಷೆ ಕೊಡುವುದಿದ್ದರೆ ಅರವತ್ತು ಮನೆಗೂ ಕೋರ್ಸ್‌ವರ್ಕ್ ಹಾಕಿ, ಬಂದು ಕೂರುತ್ತೇವೆ. ಕಾರಿಡಾರಿನ ಪಟ ಇಳಿಸಿ. ಇಳಿಸಿದ ಜಾಗ ಬೋಳಾಗಿ ಕಂಡರೆ ಎಂದು, ಮೋರಿಯಿಂದ ತೆಗೆದ ಆ ಎರಡಡಿ ಪೈಪನ್ನು ಈ ಪತ್ರದ ಜೊತೆ ಲಗತ್ತಿಸಿದ್ದೇನೆ. ಅದಕ್ಕೆಂದೇ ದಪ್ಪ ಬಟ್ಟೆಯ ಚೀಲ ಹೊಲಿದು, ಬಾಯಿಗೆ ಲಾಡಿ ಹಾಕಿ, ತಮ್ಮ ಬಾಗಿಲ ಜವಾನರ ಕೈಗೆ ಕೊಟ್ಟು ಬಂದಿದ್ದೇನೆ. ದಯವಿಟ್ಟು ತಾವೇ ಬಿಚ್ಚಿ ನೋಡಿ. ತೂತಿಗೆ ಹೆಬ್ಬೆರಳು ಹಾಕಿ ನೋಡುವ ಮನಸ್ಸಾದರೆ ಆಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ, ಗಾಬರಿ ಬೇಡ.

ಇಂತಿ,
ನಲವತ್ತು ಸಲ ಸುಳ್ಳು ಹೇಳಿ ಪಾಸಾದ, ಈ ಸಲ ನಿಜ ಹೇಳಿ ಇನ್ನೊಬ್ಬರನ್ನು ಫೇಲು ಮಾಡಿಸಿದ,
ಇಪ್ಪತ್ಮೂರನೇ ಮನೆಯ ಟೈಲರ್
(ಪಕ್ಕದಲ್ಲಿ ಅತ್ತೆಯ ಹೆಬ್ಬೆಟ್ಟು)